ಹಾಡು ನಮ್ಮದು, ಉಳಿಸುವ ಸಾಧನವೂ ನಮ್ಮದಾಗಲಿ



ಈ ಸಂಚಿಕೆಯ ಸಂಪಾದಕೀಯವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ತೊಂಬತ್ತರ ದಶಕದಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸದ ಮೇಲೆ ನಾನು ಬಸವನ ಬಾಗೇವಾಡಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಲ್ಲಿ ಓಡಾಡುತ್ತಿದ್ದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಲಿದ್ದ ಒಂದು ಹಳ್ಳಿಗೆ ಮನೆ, ಬಾವಿ, ಗಿಡಗಳ ಲೆಕ್ಕ ಬರೆಯಲು ಹೋಗಿದ್ದೆ. ಕತ್ತಲಾಯಿತು, ಅಲ್ಲಿಯೇ ಉಳಿದೆ. ಅಂದು ಅಮಾವಾಸ್ಯೆ, ಗುಡಿಯಲ್ಲಿ ಭಜನೆ. ಏಕತಾರಿ ಹಿಡಿದ ಹಿರಿಯರೊಬ್ಬರು ಒಂದಾದ ಮೇಲೊಂದು ವಚನ, ತತ್ವಪದಗಳನ್ನು ಹಾಡಿದರು. ಅಂಥ ಧಾಟಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಊರಿನವರೊಬ್ಬರ ಟೇಪ್‌ರೆಕಾರ್ಡರ್ ಇಸಿದುಕೊಂಡು ಅರವತ್ತು ನಿಮಿಷದ ಒಂದು ಕ್ಯಾಸೆಟ್ ತುಂಬಿಸಿಕೊಂಡೆ. ಅದರ ಮೇಲೆ 'ಭಜನೆ, ಭಾಗ 1' ಎಂದು ಬರೆದೆ. ಅಷ್ಟೇ ಬರೆದೆ.

ಹಳ್ಳಿ ನೀರಿನಡಿಗೆ ಹೋಯಿತು. ಜನ ಎರಡು ಮೂರು ಪುನರ್ವಸತಿ ಕೇಂದ್ರಗಳಿಗೆ ಹಂಚಿಹೋದರು. ಭಜನಾ ಮಂಡಳಿ ಮತ್ತೆ ಕೂಡಲಿಲ್ಲ. ನಾವು ಮನೆಗೆ, ಹೊಲಕ್ಕೆ, ಬೇವಿನ ಗಿಡಕ್ಕೆ ಕೂಡ ಬೆಲೆ ಕಟ್ಟಿದ್ದೆವು. ನಮ್ಮ ಪರಿಹಾರದ ಪಟ್ಟಿಯಲ್ಲಿ ಹಾಡಿಗೆ ಕಾಲಂ ಇರಲಿಲ್ಲ.

ನಿವೃತ್ತಿಯಾದ ಮೇಲೆ ಹಳೆಯ ಟ್ರಂಕಿನಲ್ಲಿ ಆ ಕ್ಯಾಸೆಟ್ ಸಿಕ್ಕಿತು. ಟೇಪಿಗೆ ಬೂಷ್ಟು ಹಿಡಿದಿತ್ತು. ರಿಪೇರಿ ಮಾಡಿಸಿದ ಟೇಪ್‌ರೆಕಾರ್ಡರಿಗೆ ಒಂದು ವೈರು ಹಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದೆ. ಆಡಾಸಿಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಅದನ್ನು ದಾಖಲಿಸಿ, ಗರಗರ ಸದ್ದು ತೆಗೆದು ನೋಡಿದೆ. ಅರವತ್ತು ನಿಮಿಷದಲ್ಲಿ ಹನ್ನೊಂದು ನಿಮಿಷ ಉಳಿದಿತ್ತು. ಸುದ್ದಿ ಕೇಳಿ ಪುನರ್ವಸತಿ ಕೇಂದ್ರದಿಂದ ಒಬ್ಬ ಹುಡುಗ ಬಂದ. "ಸಾಹೇಬ್ರ, ಇದು ನಮ್ಮ ಮುತ್ಯಾನ ದನಿ ಇರಬಹುದೇನ್ರಿ?" ಎಂದ. ಕಿವಿಗೆ ಹಚ್ಚಿಕೊಂಡು ಎರಡು ಸಲ ಕೇಳಿದ. ಅವನು ಹುಟ್ಟುವುದಕ್ಕಿಂತ ಮೊದಲೇ ಮುತ್ಯಾ ಲಿಂಗೈಕ್ಯರಾಗಿದ್ದರು, ಹಾಗಾಗಿ ಅವನಿಗೆ ಗುರುತು ಸಿಗಲಿಲ್ಲ. "ಹೆಸರು ಬರಕೊಂಡಿಲ್ಲೇನ್ರಿ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪ್ರತಿ ಮಠದ ಭಕ್ತರ ಮುಂದೆ ಇಂದು ಅದೇ ಪ್ರಶ್ನೆ ಇದೆ. ನಿಮ್ಮೂರ ಭಜನಾ ಮಂಡಳಿಯಲ್ಲಿ ಎಪ್ಪತ್ತು ದಾಟಿದವರು ಎಷ್ಟು ಜನ? ಅವರಲ್ಲಿ ಎಷ್ಟು ಜನರ ಹಾಡು ದಾಖಲಾಗಿದೆ? ದಾಖಲಾಗಿದ್ದರೆ ಅದು ಯಾರ ಕೈಯಲ್ಲಿದೆ?

ಓಲೆಗರಿಯಲ್ಲಿ ಅಕ್ಷರ ಉಳಿಯಿತು, ಧಾಟಿ ಉಳಿಯಲಿಲ್ಲ

ವಚನಗಳ ಪಠ್ಯ ನಮಗೆ ಹೇಗೆ ಬಂತು ಎಂಬುದು ಈ ಜಿಲ್ಲೆಯವರಿಗೆ ಗೊತ್ತಿರುವ ಕಥೆಯೇ. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ ಮನೆ ಮನೆ, ಮಠ ಮಠ ತಿರುಗಿ ಓಲೆಗರಿಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಬೇರೆಯವರ ಮುದ್ರಣಾಲಯ ನಂಬಿ ಈ ಕೆಲಸ ಸಾಗದೆಂದು ಸ್ವಂತ ಮನೆಯನ್ನು ಮಾರಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಅನಂತರ ಸರ್ಕಾರವೇ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಪ್ರಕಟಿಸಿತು. ಅದರ ಪ್ರಧಾನ ಸಂಪಾದಕರಾಗಿದ್ದ ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ಇದೇ ಸಿಂದಗಿ ತಾಲ್ಲೂಕಿನಲ್ಲಿ. ಈಗ ಅದೇ ವಚನರಾಶಿ 'ವಚನ ಸಂಚಯ'ದ ಮೂಲಕ ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಹುಡುಕಿ ಓದುವಂತಾಗಿದೆ.

ಇಷ್ಟೆಲ್ಲ ಉಳಿದದ್ದು ಅಕ್ಷರ. ಓಲೆಗರಿಯ ಮೇಲೆ ಕಂಠದಿಂದ ಕೊರೆದಾಗ ಮಾತು ಉಳಿಯಿತು, ಅದನ್ನು ಹಾಡುತ್ತಿದ್ದ ಧಾಟಿ ಉಳಿಯಲಿಲ್ಲ. ನಾವು ಇಂದು ವಚನ ಗಾಯನ ಎಂದು ಕೇಳುವ ಬಹುಪಾಲು ಕಳೆದ ಶತಮಾನದ ದೊಡ್ಡ ಗವಾಯಿಗಳ ಕೊಡುಗೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ಹಿಂದೂಸ್ತಾನಿ ರಾಗಗಳಲ್ಲಿ ವಚನಗಳನ್ನು ಹಾಡಿ ಮನೆಮಾತಾಗಿಸಿದರು. ಅದು ರಾಜಮಾರ್ಗ. ಅದರ ಪಕ್ಕದಲ್ಲಿ ಕಾಲುದಾರಿಗಳಿವೆ. ತಾಳ, ದಮ್ಮಡಿ, ಪೇಟಿ, ಡಗ್ಗಾ ಇಟ್ಟುಕೊಂಡು ಶ್ರಾವಣದಲ್ಲಿ, ಅಮಾವಾಸ್ಯೆಯಲ್ಲಿ, ಸತ್ತವರ ಮನೆಯಲ್ಲಿ ರಾತ್ರಿಯಿಡೀ ಹಾಡುವ ಮಂಡಳಿಗಳಿವೆ. ಕಡಕೋಳ ಮಡಿವಾಳಪ್ಪನವರ, ಶಿಶುನಾಳ ಶರೀಫರ ತತ್ವಪದಗಳಿವೆ. ಬಸವಣ್ಣನನ್ನು, ಅಕ್ಕನನ್ನು ನೆನೆದು ತಾಯಂದಿರು ಹಾಡುತ್ತಿದ್ದ ಬೀಸುಕಲ್ಲಿನ ಪದಗಳಿವೆ. ಒಂದೇ ಪದ ಇಂಡಿ ಕಡೆ ಒಂದು ಧಾಟಿ, ಮುದ್ದೇಬಿಹಾಳ ಕಡೆ ಇನ್ನೊಂದು ಧಾಟಿ. ಪದಗಳು ಪುಸ್ತಕದಲ್ಲಿ ಸಿಗಬಹುದು. ಧಾಟಿ ಇರುವುದು ಹಾಡುವವರ ಗಂಟಲಿನಲ್ಲಿ. ಅವರು ಹೋದರೆ ಅದೂ ಹೋಗುತ್ತದೆ.

ಹಳಕಟ್ಟಿಯವರು ಅಕ್ಷರಕ್ಕೆ ಮಾಡಿದ ಕೆಲಸವನ್ನು ದನಿಗೆ ಮಾಡುವವರು ಯಾರು? ನಾವೇ ಮಾಡಬೇಕು. ಅವರು ಅದಕ್ಕಾಗಿ ಮನೆ ಮಾರಬೇಕಾಯಿತು. ನಮಗೆ ಆ ಕಷ್ಟವಿಲ್ಲ, ಏಕೆಂದರೆ ನಮ್ಮ ಕಾಲದ ಮುದ್ರಣಾಲಯ ಬಿಟ್ಟಿಯಾಗಿ ಸಿಗುತ್ತದೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಕ್ತ ತಂತ್ರಾಂಶ ಎಂದರೇನು

ನಾನು ಎಂಜಿನಿಯರ್ ಆಗಿದ್ದವನು, ಪಂಪಿನ ಉದಾಹರಣೆ ಕೊಡುತ್ತೇನೆ. ಒಂದು ಕಂಪನಿ ನಿಮಗೆ ಪಂಪ್ ಮಾರಿತು, ನಕ್ಷೆ ಕೊಡಲಿಲ್ಲ, ಬಿಚ್ಚಬಾರದು ಎಂದು ಸೀಲು ಹಾಕಿತು. ಕೆಟ್ಟರೆ ಅವರ ಮನುಷ್ಯನೇ ಬರಬೇಕು. ಕಂಪನಿ ಮುಚ್ಚಿದರೆ ಪಂಪ್ ತೂಕಕ್ಕೆ ಹಾಕುವುದೇ. ಇನ್ನೊಬ್ಬರು ಪಂಪಿನ ಜೊತೆ ಪೂರ್ತಿ ನಕ್ಷೆ ಕೊಟ್ಟು, 'ಬಳಸಿರಿ, ಬಿಚ್ಚಿ ಅಭ್ಯಾಸ ಮಾಡಿರಿ, ನಿಮಗೆ ಬೇಕಾದ ಹಾಗೆ ತಿದ್ದಿರಿ, ಇನ್ನೊಬ್ಬರಿಗೂ ಮಾಡಿ ಕೊಡಿರಿ' ಎಂದರು. ತಂತ್ರಾಂಶದಲ್ಲಿ ಈ ಎರಡನೆಯ ಬಗೆಯದೇ ಮುಕ್ತ ತಂತ್ರಾಂಶ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ಚಳವಳಿಯನ್ನು ಆರಂಭಿಸಿದರು. ಬಳಸುವ, ಅಭ್ಯಾಸ ಮಾಡುವ, ತಿದ್ದುವ, ಹಂಚುವ ನಾಲ್ಕು ಸ್ವಾತಂತ್ರ್ಯಗಳು ಅದರ ಬುನಾದಿ. ಪಡೆದವನು ಮುಂದಿನವನಿಗೂ ಅದೇ ಸ್ವಾತಂತ್ರ್ಯ ಕೊಡಬೇಕು ಎಂಬ ಷರತ್ತು ಅದರ ಪ್ರಮುಖ ಪರವಾನಗಿಯಲ್ಲಿದೆ. ದಾಸೋಹದ ಅರ್ಥ ತಿಳಿದವರಿಗೆ ಈ ಷರತ್ತನ್ನು ವಿವರಿಸಬೇಕಾಗಿಲ್ಲ. ಆದರೂ ಅವರ ಚಳವಳಿ ಬೇರೆ, ಶರಣರ ಚಳವಳಿ ಬೇರೆ. ಎರಡನ್ನೂ ಒಂದೇ ಎಂದು ಹೇಳುವ ಉತ್ಸಾಹ ನನಗಿಲ್ಲ. ವಿದ್ಯೆಗೆ ಬೀಗ ಹಾಕಬಾರದು ಎಂಬ ಒಂದು ಮಾತಿನಲ್ಲಿ ಎರಡೂ ಕೂಡುತ್ತವೆ, ನಮಗೆ ಅಷ್ಟು ಸಾಕು.

ಧ್ವನಿಯ ಕೆಲಸಕ್ಕೆ ಎರಡು ಹೆಸರುಗಳನ್ನು ನೆನಪಿಡಿ. ಮೊದಲನೆಯದು ಆಡಾಸಿಟಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಅದನ್ನು ಆರಂಭಿಸಿದರು, ಮರುವರ್ಷ ಎಲ್ಲರಿಗೂ ಬಿಟ್ಟುಕೊಟ್ಟರು. ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ, ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಎರಡನೆಯದು ಪಾಲ್ ಡೇವಿಸ್ ಅವರು ಆರಂಭಿಸಿದ ಆರ್ಡೋರ್. ಇದು ಪೂರ್ಣ ಸ್ಟುಡಿಯೋ. ಹಾಡುವವರು, ಪೇಟಿ, ಡಗ್ಗಾ, ತಾಳ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಇಟ್ಟು ಹದ ಮಾಡಿ ಕೂಡಿಸಬಹುದು. ಕಲಿಯಲು ವಾರಗಳು ಬೇಕು. ಮಠದಲ್ಲಿ ಕೆಲಸ ಆರಂಭಿಸುವವರಿಗೆ ಮೊದಲನೆಯದು ಸಾಕು.

ಕೆಲಸ ಹೇಗೆ

ಕಳೆದ ಶ್ರಾವಣದಲ್ಲಿ ಬಾಗೇವಾಡಿಯ ಹತ್ತಿರದ ಒಂದು ಮಠದಲ್ಲಿ ನಾಲ್ಕೂ ತಾಲ್ಲೂಕುಗಳ ಹನ್ನೆರಡು ಮಂದಿ ಯುವಕ ಯುವತಿಯರ ಜೊತೆ ಎರಡು ದಿನ ಕುಳಿತು ಇದನ್ನು ಮಾಡಿ ನೋಡಿದೆವು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ, ಓದಿದವರು ನಾಳೆಯೇ ಆರಂಭಿಸಬಹುದು.

ಮೊದಲು ಜಾಗ. ಕಲ್ಲಿನ ಗುಡಿಯಲ್ಲಿ ದನಿ ಗೋಡೆಗೆ ಬಡಿದು ಮರಳಿ ಬರುತ್ತದೆ. ಕೇಳಲು ಗಂಭೀರ ಎನಿಸುತ್ತದೆ, ದಾಖಲೆಯಲ್ಲಿ ಮಾತು ಮಸುಕಾಗುತ್ತದೆ. ಸಣ್ಣ ಕೋಣೆ ಆರಿಸಿ, ಗೋಡೆಗೆ ಕೌದಿ, ಕಂಬಳಿ ಇಳಿಬಿಡಿ. ಫ್ಯಾನ್ ಬಂದ್ ಮಾಡಿ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಓಡಿಸಿ. ವಿದ್ಯುತ್ತಿನ 50 ಹರ್ಟ್ಜ್ ಗುಂಯ್ ಸದ್ದು ಎಷ್ಟೋ ಸಲ ಚಾರ್ಜರಿನಿಂದಲೇ ಬರುತ್ತದೆ.

ಎರಡನೆಯದು ಮೈಕು. ಹಾಡುವವರ ಬಾಯಿಂದ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ದೂರ ಇರಲಿ, ನೇರ ಎದುರು ಬೇಡ, ಸ್ವಲ್ಪ ಓರೆಯಾಗಿರಲಿ. ತಾಳ, ದಮ್ಮಡಿಯವರನ್ನು ಹಿಂದೆ ಕೂಡ್ರಿಸಿ. ತಾಳದ ಕಂಚು ಮೈಕಿನ ಹತ್ತಿರ ಬಂದರೆ ಉಳಿದ ಯಾವುದೂ ಕೇಳಿಸುವುದಿಲ್ಲ.

ಮೂರನೆಯದು ಮಟ್ಟ. ಪರದೆಯ ಮೇಲೆ ದನಿಯ ಏರಿಳಿತ ತೋರಿಸುವ ಮಾಪಕ ಇರುತ್ತದೆ. ಅದರಲ್ಲಿ ಸೊನ್ನೆ ಎಂದರೆ ಏರಿಯ ತುದಿ. ಹಾಡಿನ ಅತಿ ಎತ್ತರದ ಜಾಗ ಕೂಡ ಮೈನಸ್ 6 ಡೆಸಿಬಲ್ ದಾಟದಂತೆ ಇಟ್ಟುಕೊಳ್ಳಿ. ಏರಿ ಮೀರಿ ಹರಿದ ನೀರಿನಂತೆ, ಸೊನ್ನೆ ಮೀರಿದ ದನಿಯನ್ನು ಮತ್ತೆ ಸರಿ ಮಾಡಲಾಗದು. ಮೆಲ್ಲಗೆ ದಾಖಲಾದದ್ದನ್ನು ಆಮೇಲೆ ಏರಿಸಬಹುದು.

ನಾಲ್ಕನೆಯದು ಶುದ್ಧಿ. ಹಾಡು ಶುರುವಾಗುವ ಮುನ್ನ ಐದು ಸೆಕೆಂಡು ಎಲ್ಲರೂ ಸುಮ್ಮನಿರಿ. ಆ ಮೌನದಲ್ಲಿ ಕೋಣೆಯ ಸದ್ದು ಮಾತ್ರ ದಾಖಲಾಗುತ್ತದೆ. ಅದನ್ನು ಮಾದರಿಯಾಗಿ ತೋರಿಸಿದರೆ ಆಡಾಸಿಟಿ ಹಾಡಿನುದ್ದಕ್ಕೂ ಆ ಸದ್ದನ್ನು ತಗ್ಗಿಸುತ್ತದೆ. ಅತಿಯಾದರೆ ದನಿ ನೀರಿನೊಳಗಿಂದ ಬಂದಂತೆ ಕೇಳುತ್ತದೆ. ಆದ್ದರಿಂದ ಮೂಲ ಕಡತವನ್ನು ಎಂದೂ ಮುಟ್ಟಬೇಡಿ, ಪ್ರತಿಯ ಮೇಲೆ ಕೆಲಸ ಮಾಡಿ.

ಐದನೆಯದು ಕಡತ. ಸಿಡಿ ಗುಣಮಟ್ಟದಲ್ಲಿ ಕಂಪ್ಯೂಟರ್ ಪ್ರತಿ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುತ್ತದೆ. ಎರಡು ಚಾನೆಲ್ಲಿಗೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಆರು ಗಂಟೆಯ ಭಜನೆ 4 ಜಿಬಿಯೊಳಗೆ ಬರುತ್ತದೆ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಎಂಟು ರಾತ್ರಿಗಳ ಭಜನೆ ಕೂಡುತ್ತದೆ. ಫ್ಲ್ಯಾಕ್ ಎಂಬ ಮುಕ್ತ ವಿಧಾನದಲ್ಲಿ ಇಟ್ಟರೆ ಏನೂ ಕಳೆಯದೆ ಹೆಚ್ಚು ಕಡಿಮೆ ಅರ್ಧ ಜಾಗ ಸಾಕು. ಎಂಪಿ3 ಹಂಚಲು ಒಳ್ಳೆಯದು, ಕಾಪಿಡಲು ಅಲ್ಲ. ಅದು ಜಾಗ ಉಳಿಸಲು ದನಿಯ ಒಂದು ಭಾಗವನ್ನೇ ಬಿಟ್ಟುಬಿಡುತ್ತದೆ.

ಹಿಂದಿನವರ ಕಷ್ಟ ನೆನೆದರೆ ಈ ಅನುಕೂಲದ ಬೆಲೆ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ 1902ರಲ್ಲಿ ಕೋಲ್ಕತ್ತದಲ್ಲಿ ಗೌಹರ್ ಜಾನ್ ಅವರು ಹಾಡಿದ ಕಾಲದ ಗ್ರಾಮೊಫೋನ್ ತಟ್ಟೆಯಲ್ಲಿ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ಗವಾಯಿಗಳು ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸಬೇಕಿತ್ತು. ಇಂದು ಭಜನೆಯನ್ನು ಆರಂಭದ ಸ್ತುತಿಯಿಂದ ಬೆಳಗಿನ ಮಂಗಳದವರೆಗೆ ಹಾಗೆಯೇ ಹಿಡಿಯಬಹುದು.

ಯಂತ್ರಕ್ಕೆ ಹಾಡು ಕಲಿಸಲು ಬಿಡಬೇಡಿ

ನಮ್ಮ ಎರಡು ದಿನದ ಕೂಟದಲ್ಲಿ ಒಂದು ಚರ್ಚೆ ಜೋರಾಗಿ ನಡೆಯಿತು. ಹುಡುಗರಿಗೆ ಹಳೆಯದನ್ನು ಕಾಪಿಡುವುದರ ಜೊತೆಗೆ ಹೊಸದಾಗಿ ಹಾಡು ಕಟ್ಟುವ ಆಸೆಯೂ ಇತ್ತು. ಇರಬೇಕಾದದ್ದೇ. ಒಬ್ಬಳು ಹುಡುಗಿ ಮೊದಲು ತಂಬೂರಿ, ಅದರ ಮೇಲೆ ಪೇಟಿ, ಅದರ ಮೇಲೆ ತನ್ನದೇ ಎರಡು ದನಿ ಹೀಗೆ ಒಂದೇ ಮೈಕಿನಲ್ಲಿ ನಾಲ್ಕು ಟ್ರ್ಯಾಕ್ ಕಟ್ಟಿ ಒಂದು ವಚನಕ್ಕೆ ಹೊಸ ಧಾಟಿ ಕೂಡಿಸಿದಳು. ಕೇಳಿ ಎಲ್ಲರೂ ತಲೆದೂಗಿದೆವು.

ಆಮೇಲೆ ಒಬ್ಬ ಹುಡುಗ ಹಿರಿಯರೊಬ್ಬರ ತತ್ವಪದಕ್ಕೆ ಸ್ವರ ತಿದ್ದುವ ಸಾಧನ ಹಚ್ಚಿದ. ಆ ಸಾಧನ ಸಾಮಾನ್ಯವಾಗಿ ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿದ ಕೀಬೋರ್ಡಿನ ಲೆಕ್ಕದ ಮೇಲೆ ನಡೆಯುತ್ತದೆ. ದನಿ ಎರಡು ಸ್ವರದ ನಡುವೆ ಜಾರುವ ಜಾಗವನ್ನೆಲ್ಲ ತಪ್ಪು ಎಂದು ತಿಳಿದು ಮೆಟ್ಟಿಲು ಮೆಟ್ಟಿಲು ಮಾಡುತ್ತದೆ. ಆ ಮುತ್ಯಾ ಕೇಳಿ, "ತಮ್ಮಾ, ಚಂದ ಐತಿ. ಆದರ ಇದು ನಾನಲ್ಲ" ಎಂದರು. ಹುಡುಗ ತಾನೇ ಅಳಿಸಿದ.

ಲಯದ ಮಾತೂ ಹಾಗೆಯೇ. ಸ್ಟುಡಿಯೋದಲ್ಲಿ ಕಿವಿಯೊಳಗೆ ಟಿಕ್ ಟಿಕ್ ಎಂಬ ಗಡಿಯಾರ ಇಟ್ಟು ಅದಕ್ಕೆ ಸರಿಯಾಗಿ ಹಾಡಿಸುವ ರೂಢಿಯಿದೆ. ನಮ್ಮ ಭಜನೆ ನಿಧಾನವಾಗಿ ಎದ್ದು, ಪದ ಮುಗಿಯುವ ಹೊತ್ತಿಗೆ ಏರುತ್ತದೆ. ಅದು ತಪ್ಪಲ್ಲ, ಅದೇ ಅದರ ಜೀವ. ಗಡಿಯಾರ ಕಟ್ಟಿದರೆ ಆ ಏರಿಕೆಯೇ ಹೋಗುತ್ತದೆ. ಸಾಧನ ಕೈಯಲ್ಲಿದೆ ಎಂದು ಎಲ್ಲವನ್ನೂ ಬಳಸಬೇಕಾಗಿಲ್ಲ.

ಬೀಗದ ಕೈ ಯಾರಲ್ಲಿದೆ

ಸ್ಟುಡಿಯೋದವರಿಗೆ ಹಣ ಕೊಟ್ಟರೆ ಮುಗಿಯಿತಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನಾನು ಹತ್ತಿರದಿಂದ ಕಂಡ ಎರಡು ಸಂಗತಿಗಳನ್ನು ಹೇಳುತ್ತೇನೆ.

ಇಂಡಿ ತಾಲ್ಲೂಕಿನ ಒಂದು ಮಠದವರು ಭಕ್ತರ ಕಾಣಿಕೆಯಿಂದ ತಮ್ಮ ಮಂಡಳಿಯ ಹಾಡುಗಳನ್ನು ದೂರದ ನಗರದಲ್ಲಿ ದಾಖಲಿಸಿದರು. ಕೆಲವು ವರ್ಷಗಳ ನಂತರ ಒಂದು ಪದದಲ್ಲಿ ಸಂಗೀತದ ಗದ್ದಲ ತಗ್ಗಿಸಿ ಹಾಡಿದವರ ದನಿ ಮೇಲೆ ತರಬೇಕೆಂದರೆ, ಆ ಸ್ಟುಡಿಯೋ ಮುಚ್ಚಿತ್ತು. ಹುಡುಕಿ ತಂದ ಮೂಲ ಕಡತ, ಹಣ ಕೊಟ್ಟು ಪರವಾನಗಿ ಪಡೆಯಬೇಕಾದ ತಂತ್ರಾಂಶದಲ್ಲಿ ಮಾತ್ರ ತೆರೆಯುವಂಥದ್ದು. ಹೊಸ ಆವೃತ್ತಿ ಅದನ್ನು ಸರಿಯಾಗಿ ತೆರೆಯಲಿಲ್ಲ. ಹಾಡಿದವರಲ್ಲಿ ಇಬ್ಬರು ಈಗಿಲ್ಲ. ದನಿ ಇದೆ, ಪೆಟ್ಟಿಗೆಯೊಳಗಿದೆ, ಬೀಗದ ಕೈ ಇಲ್ಲ.

ಸಿಂದಗಿ ಕಡೆಯ ಒಂದು ಮಂಡಳಿಯವರು ತಾವೇ ದಾಖಲಿಸಿದ ವಚನಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಕೆಲವೇ ದಿನಗಳಲ್ಲಿ ಒಂದು ಸಂಗೀತ ಕಂಪನಿಯ ಹೆಸರಿನಲ್ಲಿ 'ಇದು ನಮ್ಮ ಸ್ವತ್ತು' ಎಂಬ ಯಂತ್ರದ ನೋಟಿಸು ಬಂತು. ಹನ್ನೆರಡನೆಯ ಶತಮಾನದ ವಚನ, ಊರಿನ ಧಾಟಿ, ಮಂಡಳಿಯ ದನಿ, ಆದರೂ ಸ್ವತ್ತು ಇನ್ನೊಬ್ಬರದು! ಮಂಡಳಿಯವರ ಹತ್ತಿರ ಪ್ರತಿ ಟ್ರ್ಯಾಕಿನ ಮೂಲ ಕಡತ, ದಿನಾಂಕ, ಹಾಡಿದವರ ಸಹಿ ಇದ್ದವು. ಆಕ್ಷೇಪಣೆ ಸಲ್ಲಿಸಿದರು, ನೋಟಿಸು ಹಿಂದೆ ಹೋಯಿತು. ದಾಖಲೆ ಇಲ್ಲದ ಮಂಡಳಿಯಾಗಿದ್ದರೆ ಹೆದರಿ ತೆಗೆದುಬಿಡುತ್ತಿತ್ತು.

ಈ ವಿಷಯದಲ್ಲಿ ಕಾನೂನು ತಿಳಿದಿರಲಿ. ಶರಣರ ವಚನಗಳು ಯಾರ ಒಡೆತನದವೂ ಅಲ್ಲ, ಎಲ್ಲರವು. ಆದರೆ ಅದಕ್ಕೆ ಹೊಸದಾಗಿ ಕಟ್ಟಿದ ಸಂಗೀತಕ್ಕೆ ಕಟ್ಟಿದವರ ಹಕ್ಕಿದೆ, ಧ್ವನಿಮುದ್ರಣಕ್ಕೆ ಮಾಡಿದವರ ಹಕ್ಕಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಂತೆ ಹಾಡುವವರಿಗೂ ತಮ್ಮ ಹಾಡುಗಾರಿಕೆಯ ಮೇಲೆ ಹಕ್ಕಿದೆ, ಅದು ಐವತ್ತು ವರ್ಷ ಇರುತ್ತದೆ. ಹೆಬ್ಬೆಟ್ಟು ಒತ್ತಿಸಿಕೊಂಡು ಎಲ್ಲವನ್ನೂ ಬರೆಸಿಕೊಳ್ಳುವ ಕಾಗದಗಳಿಗೆ ನಮ್ಮ ಹಾಡುಗಾರರು ಸಹಿ ಹಾಕುವ ಮುನ್ನ ಮಠದ ಓದು ಬಲ್ಲವರು ಅದನ್ನು ಓದಿ ಹೇಳಬೇಕು. ಇದು ಕೂಡ ಮಠದ ಕರ್ತವ್ಯ.

ಕೆಲವು ಆಕ್ಷೇಪಗಳು

'ಬಿಟ್ಟಿ ಸಿಗುವುದು ಎಷ್ಟು ದಿನ ಬಾಳೀತು?' ಎಂಬುದು ಮೊದಲ ಆಕ್ಷೇಪ. ನ್ಯಾಯವಾದದ್ದೇ. 2021ರಲ್ಲಿ ಆಡಾಸಿಟಿಯನ್ನು ಒಂದು ಕಂಪನಿ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಬಳಸುವವರ ಮಾಹಿತಿ ಸಂಗ್ರಹಿಸುವ ಪ್ರಸ್ತಾಪ ಬಂದಾಗ ಜಗತ್ತಿನಾದ್ಯಂತ ವಿರೋಧ ಎದ್ದಿತು. ಕಂಪನಿ ಹಿಂದೆ ಸರಿದು ವಿವರಣೆ ಕೊಟ್ಟಿತು. ಅಷ್ಟರಲ್ಲಿ ಕೆಲವರು ಅದೇ ಮೂಲದಿಂದ ಬೇರೆ ಹೆಸರಿನ ತಂತ್ರಾಂಶವನ್ನೂ ತಯಾರಿಸಿದ್ದರು. ನಕ್ಷೆ ಎಲ್ಲರ ಕೈಯಲ್ಲಿ ಇದ್ದುದರಿಂದ ಅದು ಸಾಧ್ಯವಾಯಿತು. ಮುಕ್ತ ತಂತ್ರಾಂಶದಲ್ಲಿ ತೊಂದರೆಯೇ ಬರುವುದಿಲ್ಲ ಎಂದು ನಾನು ಹೇಳುವುದಿಲ್ಲ. ಬಂದಾಗ ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ, ಅದೇ ವ್ಯತ್ಯಾಸ.

ಇನ್ನೊಂದು ಮಾತು. ಮುಕ್ತ ಎಂದರೆ ಬಿಟ್ಟಿ ಎಂದೇ ಅರ್ಥವಲ್ಲ. ಆರ್ಡೋರಿನ ಮೂಲ ಎಲ್ಲರಿಗೂ ತೆರೆದಿದೆ, ಆದರೆ ಸಿದ್ಧಪಡಿಸಿದ ಪ್ರತಿಗೆ ಅವರು ಹಣ ಕೇಳುತ್ತಾರೆ. ದುಡಿದವರು ಉಣ್ಣಬೇಕು. ಕಾಯಕವನ್ನು ನಂಬಿದ ನಾವು ಅಂಥವರಿಗೆ ಕೈಲಾದಷ್ಟು ಕೊಡುವುದೇ ಸರಿ.

'ಮೊಬೈಲ್ ಸಾಕಲ್ಲ' ಎಂಬುದು ಎರಡನೆಯದು. ಏನೂ ಇಲ್ಲದಿದ್ದರೆ ಮೊಬೈಲೇ ಸಾಕು, ಇಂದೇ ಮಾಡಿ. ಕೆಟ್ಟ ದಾಖಲೆ ಇಲ್ಲದ ದಾಖಲೆಗಿಂತ ಸಾವಿರ ಪಾಲು ಮೇಲು. ಆದರೆ ಅದನ್ನು ಮೊಬೈಲಿನಲ್ಲಿಯೇ ಬಿಡಬೇಡಿ. ಫೋನ್ ಕೆಟ್ಟರೆ, ಕಳೆದರೆ ಹಾಡೂ ಹೋಗುತ್ತದೆ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಕಡತದಲ್ಲಿ ಹಾಡಿದವರ ಹೆಸರು ಉಳಿದಿರುವುದಿಲ್ಲ.

'ನಾವು ತೆರೆದಿಟ್ಟರೆ ಇನ್ನೊಬ್ಬರು ಮಾರಿಕೊಳ್ಳುತ್ತಾರೆ' ಎಂಬುದು ಮೂರನೆಯದು. ಇದಕ್ಕೆ ಕ್ರಿಯೇಟಿವ್ ಕಾಮನ್ಸ್ ಎಂಬ ಪರವಾನಗಿಗಳಿವೆ. ಅವುಗಳಲ್ಲಿ ಒಂದರಂತೆ ಯಾರು ಬೇಕಾದರೂ ಬಳಸಬಹುದು, ಆದರೆ ಹಾಡಿದವರ ಹೆಸರು ಹೇಳಲೇಬೇಕು, ತಾವು ತಿದ್ದಿ ಮಾಡಿದ್ದನ್ನೂ ಅದೇ ರೀತಿ ತೆರೆದಿಡಬೇಕು. ಮಾರಾಟ ಬೇಡ ಎಂದು ಷರತ್ತು ಹಾಕುವ ಬಗೆಯೂ ಇದೆ. ಯಾವುದು ಬೇಕು ಎಂಬುದನ್ನು ಹಾಡಿದವರನ್ನೇ ಕೇಳಿ ನಿರ್ಧರಿಸಿ. ಸಾರ್ವಜನಿಕಗೊಳಿಸುವುದು ಬೇಡ, ಮಠದಲ್ಲಿ ಮಾತ್ರ ಇರಲಿ ಎಂದು ಅವರು ಹೇಳಿದರೆ ಅದಕ್ಕೂ ತಲೆಬಾಗಿ.

ನಾಲ್ಕನೆಯ ಆಕ್ಷೇಪ ಹಣದ್ದು. ಇದಕ್ಕೆ ಸ್ವಲ್ಪ ಖಾರವಾಗಿಯೇ ಉತ್ತರಿಸಬೇಕಾಗಿದೆ. ಜಾತ್ರೆಯಲ್ಲಿ ಎದೆ ನಡುಗಿಸುವ ಡಿಜೆಗೆ, ಸಿನಿಮಾ ಧಾಟಿಯ ಆರ್ಕೆಸ್ಟ್ರಾಗೆ, ರಸ್ತೆಯುದ್ದಕ್ಕೂ ಫ್ಲೆಕ್ಸಿಗೆ ನಾವು ಖರ್ಚು ಮಾಡುತ್ತಿಲ್ಲವೇ? ಒಂದು ರಾತ್ರಿಯ ಆ ಖರ್ಚಿನಲ್ಲಿ ಒಳ್ಳೆಯ ಮೈಕು, ಹಾರ್ಡ್ ಡಿಸ್ಕ್, ಹಳೆಯ ಲ್ಯಾಪ್‌ಟಾಪ್ ಬರುತ್ತವೆ. ಅದೇ ಜಾತ್ರೆಯಲ್ಲಿ ಊರಿನ ಭಜನಾ ಮಂಡಳಿಗೆ ಸಿಗುವುದು ರಾತ್ರಿ ಹನ್ನೆರಡರ ನಂತರದ ಹೊತ್ತು ಮತ್ತು ಒಂದು ತೆಂಗಿನಕಾಯಿ. ಬಸವಣ್ಣನ ಹೆಸರಿನಲ್ಲಿ ನಡೆಯುವ ಮಠಗಳಿಗೆ ಇದು ಶೋಭೆ ತರುವ ಮಾತಲ್ಲ.

ಯಾರ ದನಿ

ಒಂದು ಎಚ್ಚರಿಕೆ. ಮಠದ ಕೆಲಸ ಎಂದ ಕೂಡಲೇ ಮುಂದಿನ ಸಾಲಿನಲ್ಲಿ ಕೂಡ್ರುವವರ ದನಿಯೇ ಮೊದಲು ದಾಖಲಾಗುವ ಅಪಾಯವಿದೆ. ನಮ್ಮ ಹಳ್ಳಿಗಳಲ್ಲಿ ತತ್ವಪದ ಉಳಿಸಿದವರಲ್ಲಿ ಎಲ್ಲ ಕೇರಿಯವರೂ ಇದ್ದಾರೆ. ಶ್ರಾವಣದಲ್ಲಿ ಭಜನೆಗೆ ಕೂಡ್ರುವ ಅದೇ ಗಂಟಲು ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುತ್ತದೆ. ಬೀಸುಕಲ್ಲಿನ ಪದ ಬಲ್ಲ ಅಜ್ಜಿಯರು ಸಭೆಗೆ ಬರುವುದಿಲ್ಲ, ನಾವೇ ಅವರ ಪಡಸಾಲೆಗೆ ಹೋಗಬೇಕು. ಅನುಭವ ಮಂಟಪದಲ್ಲಿ ಯಾರನ್ನೂ ಕುಲ ಕೇಳಿ ಕೂಡ್ರಿಸಲಿಲ್ಲ ಎಂದು ವೇದಿಕೆಯಲ್ಲಿ ಹೇಳುವ ನಾವು ಮೈಕು ಹಿಡಿಯುವಾಗಲೂ ಅದನ್ನು ಪಾಲಿಸಬೇಕು. ಹಾಗೆ ಮಾಡದಿದ್ದರೆ ನಮ್ಮ ಸಂಗ್ರಹ ಅರ್ಧ ಊರಿನ ಸಂಗ್ರಹವಾಗುತ್ತದೆ.

ಆಗಬೇಕಾದ ಕೆಲಸ

ಬರುವ ಶ್ರಾವಣದೊಳಗೆ ಈ ನಾಲ್ಕು ತಾಲ್ಲೂಕುಗಳ ಪ್ರತಿ ಮಠವೂ ಮೂರು ಕೆಲಸ ಮಾಡಲಿ ಎಂದು ಈ ಪತ್ರಿಕೆ ಕೈಮುಗಿದು ಕೇಳುತ್ತದೆ.

ಒಂದು, ಒಂದು ವಹಿ ಇಡಿ. ಸಾದಾ ರೂಲು ಎಳೆದ ವಹಿ ಸಾಕು. ಹಾಡಿದವರ ಹೆಸರು, ವಯಸ್ಸು, ಊರು, ಯಾರ ಪದ, ಯಾರಿಂದ ಕಲಿತರು, ಯಾವಾಗ ಹಾಡುವ ಪದ, ಜೊತೆಗೆ ನುಡಿಸಿದವರು, ದಾಖಲಿಸಿದ ದಿನ, ಹಾಡಿದವರ ಒಪ್ಪಿಗೆ ಇಷ್ಟು ಕಾಲಂ ಇರಲಿ. ಕಡತಕ್ಕೂ ಅದೇ ಹೆಸರು, ಅದೇ ಸಂಖ್ಯೆ ಕೊಡಿ. ಲಕ್ಷ ರೂಪಾಯಿಯ ಯಂತ್ರಕ್ಕಿಂತ ಈ ವಹಿ ದೊಡ್ಡದು. ಇದು ನನ್ನ ಹನ್ನೊಂದು ನಿಮಿಷದ ಕ್ಯಾಸೆಟ್ ಕಲಿಸಿದ ಪಾಠ.

ಎರಡು, ಇಬ್ಬರು ಯುವಕ ಯುವತಿಯರನ್ನು ಗೊತ್ತು ಮಾಡಿ. ಒಬ್ಬರೇ ಆದರೆ ಅವರು ನೌಕರಿಗೋ ಮದುವೆಯಾಗಿಯೋ ಊರು ಬಿಟ್ಟಾಗ ಕೆಲಸ ನಿಲ್ಲುತ್ತದೆ. ಅವರು ಕಲಿತದ್ದನ್ನು ಪ್ರತಿ ವರ್ಷ ಮತ್ತಿಬ್ಬರಿಗೆ ಕಲಿಸಲಿ. ಕಲಿಸಲು ಯಾರೂ ಸಿಗದಿದ್ದರೆ ಪತ್ರಿಕೆಗೆ ಬರೆಯಿರಿ, ಮೊಣಕಾಲು ನೋವಿದ್ದರೂ ಬಸ್ಸು ಹತ್ತಿ ಬರುವ ಶಕ್ತಿ ನನಗಿನ್ನೂ ಇದೆ.

ಮೂರು, ಮೂರು ಪ್ರತಿ ಇಡಿ. ಒಂದು ಮಠದ ಕಂಪ್ಯೂಟರಿನಲ್ಲಿ, ಒಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಒಂದು ಇನ್ನೊಂದು ಊರಿನ ಮಠದಲ್ಲಿ. ಇಂಡಿಯದು ಮುದ್ದೇಬಿಹಾಳದಲ್ಲಿರಲಿ, ಸಿಂದಗಿಯದು ಬಾಗೇವಾಡಿಯಲ್ಲಿರಲಿ. ಮಳೆ, ಬೆಂಕಿ, ಕಳವು ಒಂದೇ ದಿನ ಎರಡೂ ಊರಿಗೆ ಬರುವುದು ಅಪರೂಪ. ಹಾಡಿದವರ ಮನೆಗೂ ಒಂದು ಪ್ರತಿ ಮುಟ್ಟಿಸಿ. ಮೊದಲ ಹಕ್ಕು ಅವರ ಮೊಮ್ಮಕ್ಕಳದು.

ನನ್ನ ಹನ್ನೊಂದು ನಿಮಿಷವನ್ನು ಈಗ ಫ್ಲ್ಯಾಕ್ ಕಡತವಾಗಿ ಮೂರು ಕಡೆ ಇಟ್ಟಿದ್ದೇನೆ. ವಹಿಯಲ್ಲಿ ಹಾಡಿದವರ ಹೆಸರಿನ ಕಾಲಂ ಖಾಲಿ ಇದೆ. ಆ ಹುಡುಗ ಪುನರ್ವಸತಿ ಕೇಂದ್ರಗಳಲ್ಲಿ ಉಳಿದಿರುವ ಹಿರಿಯರಿಗೆ ಅದನ್ನು ಕೇಳಿಸುತ್ತ ತಿರುಗುತ್ತಿದ್ದಾನೆ. ಇಲ್ಲಿಯವರೆಗೆ ಮೂವರು ಮೂರು ಹೆಸರು ಹೇಳಿದ್ದಾರೆ. ಮೂರನ್ನೂ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮೂರಿನ ವಹಿಯಲ್ಲಿ ಆ ಕಾಲಂ ಖಾಲಿ ಉಳಿಯದಿರಲಿ. ಹಾಡಿದವರು ಎದುರಿಗಿರುವಾಗಲೇ ಶಾಯಿಯಲ್ಲಿ ಬರೆಯಿರಿ.



— ಸಂಪಾದಕ